ಲಿಂಗಕ್ಕನ ಮುಯ್ಯಾಳು

ಲಿಂಗಕ್ಕ ನನ್ನ ಮುಯ್ಯಾಳು, ನಾನು ಅವಳ ಮುಯ್ಯಾಳು. ಹೊಳಗುಂದದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಹೀಗೆಂದರೆ ಸಾಕು, ಯಾರೂ ಮುಂದಕ್ಕೆ ಕೇಳುವುದಿಲ್ಲ. ಈ ದಿನ ನಾನು ನಿನ್ನ ಹೊಲಕ್ಕೆ ಬಂದು ಕಳೆ ತೆಗೆದರೆ ಇನ್ನೊಂದು ದಿನ ನೀನು ನನ್ನ ಹೊಲಕ್ಕೆ ಬರುತ್ತೀ. ಕೂಲಿಯಿಲ್ಲ. ಬುತ್ತಿ ಅವರವರದು. ಹಾಗೆ ಬರುವವಳು ಮುಯ್ಯಾಳು. ನಾವಿಬ್ಬರೂ ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆಯರು ನಮ್ಮನ್ನು ಜೋಡಿ ಮಾಡಿದರು. ಲಿಂಗಕ್ಕನದು ಕುರಿ ಸಾಕುವ ಮನೆ, ನಮ್ಮದು ಲಿಂಗ ಕಟ್ಟಿದವರ ಮನೆ. ಹೊಲಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡಿವೆ. ನಡುವೆ ಒಂದು ಬದು, ಬದುವಿನ ಮೇಲೆ ಒಂದು ಬೇವಿನ ಮರ.

ಲಿಂಗಕ್ಕನ ಮೊಮ್ಮಗಳು ಸುಷ್ಮಿತಾ ಆದೋನಿಯ ಕಾಲೇಜಿಗೆ ಸೇರಿದ ವರ್ಷ ಒಂದು ಭಾನುವಾರ ನಮ್ಮ ಜೊತೆ ಹೊಲಕ್ಕೆ ಬಂದಿದ್ದಳು. ಬೇವಿನ ಕೆಳಗೆ ಬುತ್ತಿ ಬಿಚ್ಚಿದಾಗ ಅವಳು ಕೇಳಿದಳು: “ಅಜ್ಜೀ, ಮುಯ್ಯಾಳು ಅಂದ್ರ ಏನು? ನಮ್ಮಮ್ಮನ ಊರಾಗ ತೆಲುಗಿನ್ಯಾಗ ಬದುಲು ಅಂತಾರ. ಎರಡೂ ಒಂದ ಕದಾ?”

“ಬದಲಂದ್ರ ಹರಿದ ಕುಪ್ಪಸ ತಗದು ಇನ್ನೊಂದು ತೊಟ್ಕೊಳ್ಳಾದು,” ಎಂದಳು ಲಿಂಗಕ್ಕ. “ನಾನು ಬರಂಗಿಲ್ಲ, ನನ್ನ ಬದಲು ಇವನು ಬರ್ತಾನ ಅನ್ನಾದು. ಇದು ಹಂಗಲ್ಲ.”

“ಮತ್ತ ಮುಯ್ಯಿ ಅಂದ್ರೇನು? ಎಲ್ಲಿಂದ ಬಂತು ಆ ಮಾತು?”

“ಮದಿವ್ಯಾಗ ಮುಯ್ಯಿ ಮಾಡಾದಿಲ್ಲೇನ? ಅಲ್ಲಿಂದ ಬಂತು. ನಿಮ್ಮಪ್ಪನ ಮದಿವಿಗೆ ಈ ಶಾಂತವ್ವ ಒಂದು ಹಿತ್ತಾಳಿ ಕೊಡ ತಂದು ಮುಯ್ಯಿ ಮಾಡಿದ್ಳು. ಇವರ ಉದಯನ ಮದಿವಿಗೆ ನಾನು ಕೊಡಾನೂ ಒಯ್ದೆ, ಅದರ ಬಾಯಿಗೆ ಒಂದು ತಂಬಿಗೀನೂ ಇಟ್ಕೊಂಡು ಒಯ್ದೆ.”

“ಕೊಡ ಒಂದ ಒಯ್ದಿದ್ರ?”

“ಬರೋಬರಿ ಆಗ್ತಿತ್ತು.”

“ಬರೋಬರಿ ಆದ್ರ ಛಲೋ ಅಲ್ಲೇನಜ್ಜೀ?”

ಲಿಂಗಕ್ಕ ರೊಟ್ಟಿ ಮುರಿಯುವುದನ್ನು ಬಿಟ್ಟು ನನ್ನ ಮುಖ ನೋಡಿದಳು. “ಕಾಲೇಜಿನಾಗ ಏನ್ ಕಲಿಸ್ತಾರವ್ವಾ ಇವರಿಗೆ? ಬರೋಬರಿ ಆದ ಮ್ಯಾಲ ಒಬ್ಬರ ಮನಿಗೆ ಒಬ್ಬರು ಯಾಕ ಹೋಗಬೇಕು? ತಂಬಿಗಿ ನಮ್ಮದು ಅವರ ಮನ್ಯಾಗ ಐತಿ ಅಂತ ತಾನ ಇವರು ನಿನ್ನ ಮದಿವಿಗೆ ಬರಾದು.”

“ತಂಬಿಗಿ ಸಲುವಾಗಿ ಬರ್ತೀನಿ ಅಂತ ತಿಳಿದೀಯೇನು?” ಎಂದೆ ನಾನು. “ಊಟದ ಸಲುವಾಗಿ ಬರ್ತೀನಿ.”

ಮದುವೆಯಿಂದ ಈ ಮಾತು ಹೊಲಕ್ಕೆ ಬಂತೋ, ಹೊಲದಿಂದ ಮದುವೆಗೆ ಹೋಯಿತೋ, ನನಗೂ ಗೊತ್ತಿಲ್ಲ. ಕೊಟ್ಟದ್ದು ತಿರುಗಿ ಬರುವುದೇ ಮುಯ್ಯಿ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಓದಲು ಕಲಿತ ಮೇಲೆ ಒಂದು ಪುಸ್ತಕದಲ್ಲಿ ಇದೇ ಮಾತನ್ನು ಹಗೆ ತೀರಿಸಿಕೊಳ್ಳುವುದು ಎಂಬ ಅರ್ಥದಲ್ಲಿ ಕಂಡು ನಾನು ಬೆಚ್ಚಿದ್ದೆ. ಲಿಂಗಕ್ಕನಿಗೆ ಹೇಳಿದಾಗ ಅವಳು, “ಆ ಪುಸ್ತಕ ಬರದಾವಗ ಮುಯ್ಯಾಳು ಸಿಕ್ಕಿಲ್ಲ, ಪಾಪ,” ಎಂದು ನಕ್ಕಳು.

ನಮ್ಮ ಅತ್ತೆಯರ ಕಾಲದಿಂದ ನಡೆದು ಬಂದದ್ದು ಒಂದಿದೆ. ಮುಯ್ಯಿಯನ್ನು ಬರೋಬರಿ ಮಾಡಬಾರದು, ಎಂದರೆ ಪೂರ್ತಿ ತೀರಿಸಿ ಸಮ ಮಾಡಬಾರದು. ಸುಗ್ಗಿ ಮುಗಿದಾಗ ಯಾರದಾದರೂ ಒಂದು ದಿನ ಉಳಿದಿರಬೇಕು. ನೀನು ನನಗೆ ಒಂದು ದಿನ ಬರುವುದಿದೆ ಎಂದು ಹೇಳಿಕೊಂಡೇ ಬಿತ್ತನೆಯ ತನಕ ಇರಬೇಕು. ಬರೋಬರಿ ಮಾಡುವುದು ಸಾವಾದಾಗ ಮಾತ್ರ. ನಮ್ಮೂರ ಏಕಾಂತಪ್ಪನ ತಾಯಿ ತೀರಿಕೊಂಡಾಗ ಆಕೆಯ ಮುಯ್ಯಾಳು ಮೂರನೆಯ ದಿನಕ್ಕೆ ಒಬ್ಬಳೇ ಆ ಹೊಲಕ್ಕೆ ಹೋಗಿ, ಯಾರ ಜೊತೆಯೂ ಮಾತಾಡದೆ ಒಂದು ದಿನದ ಕಳೆ ತೆಗೆದು, ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡದ್ದನ್ನು ನಾವಿಬ್ಬರೂ ನೋಡಿದ್ದೆವು. ಸತ್ತವರ ಮನೆಯಿಂದ ಬಂದು ಮೈ ತೊಳೆಯುವ ಹಾಗೆಯೇ ಅದು. ಈಗಿನವರಿಗೆ ಇದೆಲ್ಲ ಮರೆತುಹೋಗಿದೆ. ಈಗ ಮುಯ್ಯಾಳುಗಳೇ ಇಲ್ಲ. ಕೂಲಿಯವರು ಆಟೋದಲ್ಲಿ ಬರುತ್ತಾರೆ, ಇಲ್ಲವೆಂದರೆ ಔಷಧಿ ಹೊಡೆಯುತ್ತಾರೆ. ನನ್ನ ಮಗ ಉದಯಕುಮಾರನೇ ಹೊಳಗುಂದದಲ್ಲಿ ಬೀಜ, ಔಷಧಿಯ ಅಂಗಡಿ ಇಟ್ಟಿದ್ದಾನೆ. ಊರಲ್ಲಿ ಹಳೆಯ ಜೋಡಿ ಎಂದು ಉಳಿದಿದ್ದವರು ನಾವಿಬ್ಬರೇ.

ಲಿಂಗಕ್ಕನಿಗೆ ಮರೆವು ಶುರುವಾದದ್ದು ಯಾವಾಗ ಎಂದು ಹೇಳಲು ಬಾರದು. ಮೊದಲು ಸಾರಿಗೆ ಉಪ್ಪು ಹಾಕುವುದು ಮರೆತಳು. ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದಳು. ಸುಷ್ಮಿತಾಳನ್ನು ತನ್ನ ಸತ್ತ ತಂಗಿಯ ಹೆಸರಿನಿಂದ ಕರೆದಳು. ಮಗ ಭೀಮಲಿಂಗಪ್ಪನನ್ನು, “ನೀ ಯಾರ ಮಗನಪ್ಪಾ?” ಎಂದು ಕೇಳಿದಾಗ ಅವನು ಕೊಟ್ಟಿಗೆಗೆ ಹೋಗಿ ಕಣ್ಣೊರಸಿಕೊಂಡನಂತೆ. ಆದೋನಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಇದು ಹೀಗೇ ಇರುತ್ತದೆ, ಸಮಾಧಾನದಿಂದ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು.

ಆದರೆ ಹೊಲಕ್ಕೆ ಬಂದರೆ ಅವಳು ಮೊದಲಿನ ಲಿಂಗಕ್ಕನೇ. ಕೈಯಲ್ಲಿ ಕಳೆ ತೆಗೆಯುವ ಕುರ್ಪಿ ಹಿಡಿದು ಕುಕ್ಕರುಗಾಲಲ್ಲಿ ಕೂತಳೆಂದರೆ ನನ್ನ ಹೆಸರೂ ನೆನಪಿಗೆ ಬರುತ್ತಿತ್ತು. ಬೆಳಗ್ಗೆ ನಾನೇ ಅವರ ಮನೆಗೆ ಹೋಗಿ ಕರೆದುಕೊಂಡು ಬರುತ್ತಿದ್ದೆ, ಸಂಜೆ ನಾನೇ ಬಿಟ್ಟು ಬರುತ್ತಿದ್ದೆ. ಹೋದ ಸುಗ್ಗಿಯಲ್ಲಿ ಒಂದು ದಿನ ಅವಳ ಕಡೆ ಉಳಿದಿತ್ತು. ಎಲ್ಲ ಮರೆತರೂ ಅದನ್ನು ಅವಳು ಮರೆಯಲಿಲ್ಲ. ಬಿತ್ತನೆ ಆಗುವವರೆಗೂ ಕಂಡಾಗಲೆಲ್ಲ, “ನಾ ನಿನಗ ಒಂದು ದಿನ ಬರಾದೈತಿ,” ಎನ್ನುತ್ತಿದ್ದಳು.

ಈ ಸಲ ನಮ್ಮ ಹೊಲಕ್ಕೆ ಹತ್ತಿ ಹಾಕಿದ್ದೆವು. ಸಸಿಗಳು ಗೇಣುದ್ದ ಆದಾಗ ಕಳೆಗೆ ಲಿಂಗಕ್ಕ ಬಂದಳು. ನಡುವೆ ನೀರು ತರಲು ನಾನು ಆಚೆಯ ಬೋರಿನ ಹತ್ತಿರ ಹೋದೆ. ಅಲ್ಲಿ ಕರೆಂಟು ಹೋಗಿ ಬರುವವರೆಗೆ ಕೂತೆ. ಕೊಡ ಹೊತ್ತು ತಿರುಗಿ ಬಂದು ನೋಡಿದರೆ ಸಾಲಿನುದ್ದಕ್ಕೂ ಹತ್ತಿ ಸಸಿಗಳೇ ಬೇರು ಮೇಲಾಗಿ ಬಾಡಿ ಬಿದ್ದಿದ್ದವು. ಹುಲ್ಲು ನಿಂತಿತ್ತು. ಸುಮ್ಮನೆ ನಿಂತದ್ದೂ ಅಲ್ಲ. ಒತ್ತಾದಲ್ಲಿ ಕಿತ್ತು, ಗೇಣಿಗೊಂದರಂತೆ ಬಿಟ್ಟು, ಬುಡಕ್ಕೆ ಮಣ್ಣು ಏರಿಸಿದ್ದಳು.

“ಏನ್ ಮಾಡೀಯಕ್ಕಾ?” ಎಂದೆ.

“ಏನು? ಜ್ವಾಳ ಬಾಳ ಒತ್ತಾಗಿತ್ತು. ಬಿಡಿಸೀನಿ,” ಎಂದಳು. ತಲೆ ಎತ್ತಲಿಲ್ಲ.

ನಾನು ಕೊಡ ಇಳಿಸಿ ಆ ಸಾಲುಗಳನ್ನು ನೋಡುತ್ತ ನಿಂತೆ. ನಾವು ಸೊಸೆಯರಾಗಿ ಬಂದಾಗ ಆ ಹೊಲದ ತುಂಬ ಜೋಳವಿತ್ತು. ಜೋಳದ ಸಾಲಿನಲ್ಲಿ ಅಗಲ ಎಲೆಯದೆಲ್ಲ ಕಳೆ, ಉದ್ದ ಗರಿಯದು ಬೆಳೆ. ಅವಳ ಕೈ ಸರಿಯಾಗಿಯೇ ಕೆಲಸ ಮಾಡಿತ್ತು. ಹೊಲ ಮಾತ್ರ ಬೇರೆಯಾಗಿತ್ತು.

“ಛಲೋ ಆಗೈತಿ,” ಎಂದೆ. “ಸಾಕು ಬಾ, ನೀರು ಕುಡಿ.”

ಸಂಜೆ ಹೊತ್ತಿಗೆ ನಾನು ಬಿದ್ದ ಸಸಿಗಳನ್ನೆಲ್ಲ ಆರಿಸಿ ಬದುವಿನ ಆಚೆ ಒಗೆದುಬಿಡುತ್ತಿದ್ದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಭೀಮಲಿಂಗಪ್ಪ ಕುರಿ ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದ. ಹೊಲ ನೋಡಿ ಹಣೆ ಹಣೆ ಬಡಿದುಕೊಂಡ.

“ಯವ್ವಾ, ಏನ್ ಮಾಡಿದಬೇ ಇದು! ದೊಡ್ಡವ್ವಾ, ಬೀಜ ನಾ ತಂದು ಹಾಕ್ತೀನಿ, ನೀವು ಬ್ಯಾಡ ಅನಬಾರದು.”

“ಬೀಜದ ಅಂಗಡಿ ನನ್ನ ಮಗಂದ ಐತಿ. ನೀ ತಂದೇನು ಮಾಡ್ತೀ? ಮೂರು ಸಾಲಿಗೆ ಇಷ್ಟು ಒದರಬ್ಯಾಡ. ಆಕಿ ಹೆದರ್ತಾಳ.”

ಲಿಂಗಕ್ಕ ಹೆದರಿರಲಿಲ್ಲ. ಕುರಿಗಳನ್ನು ನೋಡುತ್ತ, “ಯಾರ ಕುರಿ ಇವು? ಬಡಕಲಾಗ್ಯಾವ,” ಎಂದಳು.

ಮರುದಿನದಿಂದ ಅವಳನ್ನು ಕಳಿಸಲಿಲ್ಲ. ನಾನು ಬೆಳಗ್ಗೆ ಹೋದಾಗ ಭೀಮಲಿಂಗಪ್ಪ ಬಾಗಿಲಲ್ಲಿ ನಿಂತಿದ್ದ. “ಬ್ಯಾಡ ದೊಡ್ಡವ್ವಾ. ಸಾಕು. ಊರಾಗ ಮಂದಿ ನಗ್ತಾರ.”

“ನಗಲಿ ಬಿಡು. ಆಕಿ ಬದುವಿನ ಮ್ಯಾಲ ಕುಂತಿರ್ಲಿ. ನಾ ನೋಡ್ಕೋತೀನಿ.”

“ನಿಮಗ ಕಣ್ಣ ಮಂಜು. ನಿಮ್ಮನ್ನ ನೋಡ್ಕೊಳ್ಳಾಕ ಒಬ್ಬರು ಬೇಕು. ಮೊನ್ನೆ ನಸಕಿನ್ಯಾಗ ಆಕಿ ಒಬ್ಬಾಕೇ ಎದ್ದು ಹೋಗಿ ಆದೋನಿ ರೋಡಿಗೆ ನಿಂತಿದ್ದಳು, ಗೊತ್ತೇನು ನಿಮಗ? ಲಾರಿಯಾವ ಬ್ರೇಕ್ ಹಾಕ್ಯಾನ ಅಂತ ಉಳದಾಳ. ಕೇಳಿದ್ರ, ಮುಯ್ಯಿಗೆ ಹೊಂಟೀನಿ ಅಂತಾಳ.”

ನಾನೊಬ್ಬಳೇ ಹೊಲದ ದಾರಿ ಹಿಡಿದೆ. ಅವನು ಕೆಟ್ಟವನಲ್ಲ. ತಾಯಿಗೆ ತಾನೇ ತಲೆ ಬಾಚುವ ಮಗ.

ಲಿಂಗಕ್ಕನ ಸೊಸೆ ನಾಗಜ್ಯೋತಿ ಪೆದ್ದಕಡುಬೂರಿನವಳು. ದೊಡ್ಡವ್ವ ಎನ್ನದೆ ತೆಲುಗಿನಲ್ಲಿ ನನ್ನನ್ನು ಪೆದ್ದಮ್ಮ ಎನ್ನುತ್ತಾಳೆ. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು ಕಂಬಕ್ಕೆ ಒರಗಿ ಕೂತಳು. “ಏನ್ ಮಾಡ್ಲಿ ಪೆದ್ದಮ್ಮಾ? ಹೊರಗಿಂದ ಚಿಲಕ ಹಾಕ್ತೀನಿ. ನಸಕಿನ್ಯಾಗ ಎದ್ದು ಬಾಗಿಲ ಬಡೀತಾಳ. ಒಂದು ದಿನ ಬರಾದೈತಿ, ಶಾಂತವ್ವ ಕಾಯ್ತಾಳ, ಬಾಗಿಲ ತಗೀರಿ ಅಂತ. ಆ ಸಪ್ಪಳ ನನ್ನ ಎದಿಯಾಗ ಬಡದಂಗಾಗ್ತೈತಿ.”

“ನಾ ಬಂದು ಕುಂದರ್ಲೇನು ಆಕಿ ಹತ್ತಿರ?”

“ನಿಮ್ಮನ್ನ ನೋಡಿದ್ರ ಇನ್ನಷ್ಟು ಹೊಲ ನೆನಸ್ತಾಳ, ಪೆದ್ದಮ್ಮಾ. ಸ್ವಲ್ಪ ದಿನ ಬರಬ್ಯಾಡ್ರಿ.”

ಹೋಗಲಿಲ್ಲ. ಅವರ ಓಣಿಯಲ್ಲಿ ಹಾದರೆ ಬಾಗಿಲ ಸಪ್ಪಳ ಕೇಳೀತೆಂದು ಸುತ್ತು ಹಾಕಿ ಹೊಲಕ್ಕೆ ಹೋಗುತ್ತಿದ್ದೆ. ಇಬ್ಬರು ತೆಗೆಯುವ ಕಳೆಯನ್ನು ಒಬ್ಬಳೇ ತೆಗೆಯುವುದು ನನಗೆ ಗೊತ್ತಿರಲಿಲ್ಲ. ಸಾಲಿನ ಕೊನೆ ಮುಟ್ಟಿ ತಿರುಗಿ ನೋಡಿ, ಅವಳು ಹಿಂದೆ ಇದ್ದಾಳೆಂದು ಮಾತಾಡಿಬಿಡುತ್ತಿದ್ದೆ. ಉದಯ ನೋಡಿ, “ಔಷಧಿ ಹೊಡದುಬಿಡ್ತೀನವ್ವಾ, ಬಿಡು,” ಎಂದ. ಬೇಡವೆಂದೆ. ಹತ್ತಿ ಕಿತ್ತ ದಿನವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ; ಅವಳ ಒಂದು ದಿನ ಉಳಿದಿದೆಯಲ್ಲ ಎಂಬುದೇ ನನಗೆ ಧೈರ್ಯ. ಗುಳಿಗೆ ಹಿಡಿದು ಸ್ವಲ್ಪ ಸುಧಾರಿಸಿದರೆ, ಭೀಮಲಿಂಗಪ್ಪನ ಮನಸ್ಸು ಕರಗಿದರೆ, ಹತ್ತಿ ಬಿಡಿಸುವಾಗಲಾದರೂ ಅವಳು ಬಂದು ನನ್ನ ಪಕ್ಕಕ್ಕೆ ಕೂತಾಳು. ಆ ದಿನ ಇರುವ ತನಕ ನಾವು ಮುಯ್ಯಾಳುಗಳೇ.

ಆಮೇಲೆ ಒಂದು ದಿನ ಉದಯ ನನ್ನನ್ನು ಕಣ್ಣು ತೋರಿಸಲು ಆದೋನಿಗೆ ಕರೆದುಕೊಂಡು ಹೋದ. ಡಾಕ್ಟರು ಕಣ್ಣಿಗೆ ಹನಿ ಹಾಕಿ ಕೂರಿಸಿದರು. ತಿರುಗಿ ಬರುವಾಗ ಇನ್ನೂ ಬಿಸಿಲಿತ್ತು. ಹೊಲದ ಹತ್ತಿರ ಆಟೋ ಇಳಿದೆ. ಸಾಲುಗಳ ನಡುವೆ ಬರೀ ಮಣ್ಣು ಕಂಡಿತು, ಕಣ್ಣಿನ ಹನಿಯಿಂದ ಹೀಗೆ ಕಾಣುತ್ತಿದೆಯೇನೋ ಎಂದುಕೊಂಡೆ. ಹತ್ತಿರ ಹೋಗಿ ಕೂತು ಕೈಯಾಡಿಸಿದೆ. ಹೊಲದಲ್ಲಿ ಒಂದೇ ಒಂದು ಹುಲ್ಲು ಕಡ್ಡಿಯಿಲ್ಲ. ಕಳೆಯೆಲ್ಲ ಬದುವಿನ ಮೇಲೆ ಗುಡ್ಡೆ ಬಿದ್ದಿತ್ತು. ಸಸಿ ಹೋದ ಜಾಗದಲ್ಲಿ ಹೊಸ ಬೀಜವನ್ನೂ ಊರಿದ್ದರು.

ನಾಗಜ್ಯೋತಿ ಬೇವಿನ ಕೆಳಗೆ ಕಾಲು ಚಾಚಿ ಕೂತಿದ್ದಳು. ಸೀರೆಯ ನೆರಿಗೆಗೆಲ್ಲ ಮಣ್ಣು. ನನ್ನನ್ನು ಕಂಡು ನಗುತ್ತ ಎದ್ದಳು.

“ಬಂದ್ರಾ ಪೆದ್ದಮ್ಮಾ! ನಾನು, ಸುಷ್ಮಿತಾನ ಅಪ್ಪ, ಇನ್ನ ಇಬ್ಬರು ಕೂಲಿಯವರು. ಎಲ್ಲಾ ಕ್ಲೀನ್. ನಮ್ಮತ್ತಿ ಮುಯ್ಯಿ ಬರೋಬರಿ ಆತು. ಒಂದು ದಿನಕ್ಕ ನಾಲ್ಕು ಆಳು ಮಾಡೀವಿ, ಕಮ್ಮಿ ಇಲ್ಲ ಕದಾ?”

ನಾನು ಬದುವಿನ ಮೇಲೆ ಕೂತುಬಿಟ್ಟೆ. ಯಾರನ್ನು ಬೈಯಲಿ? ಬೆಳಗಿನಿಂದ ಬಿಸಿಲಲ್ಲಿ ಬಾಗಿ ದುಡಿದ ಹುಡುಗಿ. ನನಗೆ ಉಪಕಾರ ಮಾಡಿದೆನೆಂದು ಅವಳ ಮುಖವೆಲ್ಲ ಹೊಳೆಯುತ್ತಿತ್ತು.

“ಲಿಂಗಕ್ಕಗ ಹೇಳಿದ್ರೇನು?”

“ಮಧ್ಯಾಹ್ನ ಬುತ್ತಿಗೆ ಹೋದಾಗ ಅವರು ಹೇಳಿದ್ರು. ಯವ್ವಾ, ಶಾಂತವ್ವನ ಮುಯ್ಯಿ ಬರೋಬರಿ ಮಾಡಿಬಿಟ್ವಿ, ಇನ್ನ ಬಾಗಿಲ ಬಡೀಬ್ಯಾಡ ಅಂತ.”

“ಆಕಿ ಏನಂದ್ಳು?”

“ಏನೂ ಅನ್ಲಿಲ್ಲ. ಆಮ್ಯಾಲ ಎದ್ದು ಬಚ್ಚಲಕ್ಕ ಹೋಗಿ ತಲಿ ಮ್ಯಾಲ ತಣ್ಣೀರು ಹಾಕ್ಕೊಂಡ್ಳು. ಸೀರಿ ಮ್ಯಾಲ. ನಾನು ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ.”

ನಾನು ಎದ್ದೆ. ನಾಗಜ್ಯೋತಿ ಹಿಂದಿನಿಂದ, “ಏನಾತು ಪೆದ್ದಮ್ಮಾ?” ಎನ್ನುತ್ತಿದ್ದಳು. ನಿಲ್ಲದೆ ನಡೆದೆ.

ಲಿಂಗಕ್ಕ ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ಒದ್ದೆ ಕೂದಲು ಬೆನ್ನ ಮೇಲೆ ಬಿಚ್ಚಿತ್ತು. ಹಣೆಯಲ್ಲಿ ವಿಭೂತಿ ಇರಲಿಲ್ಲ. ಅವಳ ಮುಂದೆ ಒಂದು ಮೊರದಲ್ಲಿ ಶೇಂಗಾ ಇತ್ತು. ಬಿಡಿಸುತ್ತಿರಲಿಲ್ಲ.

“ಬಾರವ್ವಾ, ಕುಂದ್ರು,” ಎಂದಳು ನನಗೆ. “ಸುದ್ದಿ ಕೇಳಿ ಬಂದೀಯೇನು? ಶಾಂತವ್ವ ಹೋದ್ಳು.”

ಭೀಮಲಿಂಗಪ್ಪ ಬಾಗಿಲಿನಿಂದ ಓಡಿ ಬಂದ. “ಯವ್ವಾ, ಏನಂತೀ? ನೋಡಿಲ್ಲಿ, ಇವರ ಶಾಂತವ್ವ! ನಿನ್ನ ಮುಂದ ಕುಂತಾರ!”

ಲಿಂಗಕ್ಕ ನನ್ನನ್ನು ದಿಟ್ಟಿಸಿದಳು. ಹಣೆಯಿಂದ ಪಾದದ ತನಕ ನೋಡಿದಳು. ಆಮೇಲೆ ಮಗನ ಕಡೆ ತಿರುಗಿ, “ಸತ್ತಾಕಿ ಹೆಸರು ಇದ್ದಾಕಿಗೆ ಇಡಬಾರದಪ್ಪಾ. ಪಾಪ, ಆಕೀನೂ ಮನಿ ಮಕ್ಕಳು ಇದ್ದಾಕಿ,” ಎಂದಳು.

ನಾನು ಅವನಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದೆ. ಮೊರವನ್ನು ನನ್ನ ಕಡೆ ಎಳೆದುಕೊಂಡು ಶೇಂಗಾ ಬಿಡಿಸಲು ಕೂತೆ. ಸ್ವಲ್ಪ ಹೊತ್ತಿಗೆ ಅವಳೂ ಕೈಹಾಕಿದಳು.

“ಹೆಂಗಿದ್ಳು ಶಾಂತವ್ವ?” ಎಂದು ಕೇಳಿದೆ.

“ಕೈ ಬಾಳ ಸಾವಕಾಶ. ನಾ ಎರಡು ಸಾಲು ಮುಗಿಸಿದ್ರ ಆಕಿ ಒಂದು. ಆದ್ರ ಬೇರು ಬಿಡತಿದ್ದಿಲ್ಲ. ಆಕಿ ತಗದಲ್ಲಿ ಮತ್ತ ಹುಲ್ಲು ಹುಟ್ಟತಿದ್ದಿಲ್ಲ.” ಒಂದು ಕಾಯಿ ಒಡೆದು ಬೀಜ ಬಾಯಿಗೆ ಹಾಕಿಕೊಂಡಳು. “ಜರಾ ಜಂಬ ಇತ್ತು. ಓದಾಕ ಕಲ್ತ ಮ್ಯಾಲ ಸಿರುಗುಪ್ಪಿ ಬಸ್ಸು ಬಂದ್ರ ಸಾಕು, ಬೋರ್ಡು ಜೋರಾಗಿ ಓದಾಕಿ. ನನಗ ಕೇಳಲಿ ಅಂತ.”

“ಕೇಳಿಸ್ತಿತ್ತಾ?”

“ಊರಿಗೆಲ್ಲ ಕೇಳಿಸ್ತಿತ್ತು. ನಾ ಕೇಳದಂಗ ಕುಂದರತಿದ್ದೆ.” ಅವಳು ನಕ್ಕಳು. ನಾನೂ ನಕ್ಕೆ. ನಗುತ್ತಿದ್ದವಳು ಹಾಗೆಯೇ ಅಳಲು ಶುರು ಮಾಡಿದಳು. “ಗಂಡ ಸತ್ತ ವರ್ಷ ಆಕಿ ಮನ್ಯಾಗ ಅಳಲಿಲ್ಲ. ನಮ್ಮ ಹೊಲಕ್ಕ ಬಂದು ಮುಂಜಾನಿಂದ ಸಂಜಿತನಕ ಕಳೆ ತಗದ್ಳು, ಮಾತಿಲ್ಲ ಕತಿ ಇಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತೇನ? ಒಂದು ಮಾತು ಕೇಳಬೇಕಿತ್ತೇನವ್ವಾ?”

“ಕೇಳಿದ್ರ ಆಕಿ ಎದ್ದು ಹೋಗ್ತಿದ್ಳು,” ಎಂದೆ. “ಕೇಳದಿದ್ದದ್ದಕ್ಕ ದಿನಾ ಬಂದ್ಳು.”

“ನಿನಗ ಹೆಂಗ ಗೊತ್ತು?”

“ನಾನೂ ಹಂಗ ಒಬ್ಬಾಕಿ ಹತ್ತಿರ ಹೋಗತಿದ್ದೆ.”

ಅವಳು ಸೆರಗಿನಿಂದ ಮೂಗೊರಸಿಕೊಂಡು ತಲೆಯಾಡಿಸಿದಳು. ಎದುರಿಗಿನ ಮನೆಯವರು ಕರುವನ್ನು ಒಳಗೆ ಕಟ್ಟುತ್ತಿದ್ದರು. ನಾನು ಮೊರವನ್ನು ಪಕ್ಕಕ್ಕಿಟ್ಟು ಕೇಳಿದೆ: “ಯಕ್ಕಾ, ನನಗ ಮುಯ್ಯಾಳು ಆಗ್ತೀಯೇನು?”

ಲಿಂಗಕ್ಕ ನನ್ನ ಕೈ ಹಿಡಿದುಕೊಂಡಳು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಗುರುತು ಹಿಡಿಯುತ್ತಾಳೆಂದು ನಾನು ಕೈಯನ್ನು ಅವಳಿಗೇ ಬಿಟ್ಟೆ.

“ಬ್ಯಾಡವ್ವಾ,” ಎಂದಳು ಮೆಲ್ಲಗೆ. “ದುಡಿದ ಕೈ ಅದಾವ ನಿನ್ನವು. ಆದ್ರ ಇನ್ನೊಬ್ಬಾಕಿ ಕೈಗೆ ಹೊಂದಿಕೊಳ್ಳಾಕ ಈ ವಯಸ್ಸಿಗೆ ನನ್ನ ಕೈಲೆ ಆಗಂಗಿಲ್ಲ. ಬ್ಯಾಸರ ಮಾಡ್ಕೋಬ್ಯಾಡ.”

ನನ್ನನ್ನು ಕಳಿಸಲು ಭೀಮಲಿಂಗಪ್ಪ ಓಣಿಯ ತಿರುವಿನ ತನಕ ಬಂದ. ಅವನಿಗೆ ಏಕಾಂತಪ್ಪನ ತಾಯಿಯ ವಿಷಯ ಹೇಳಿದೆ. ಅವನು ಅಲ್ಲೇ ನಿಂತುಬಿಟ್ಟ.

“ಸಣ್ಣಾವಿದ್ದಾಗ ಕೇಳಿದ್ದೆ, ದೊಡ್ಡವ್ವಾ. ಮರತೇಬಿಟ್ಟಿದ್ದೆ. ಆಕಿಗೆ ಸಮಾಧಾನ ಆಗ್ಲಿ ಅಂತ ಮಾಡಿದೆ. ನಿಮ್ಮನ್ನ ಆಕಿ ಪಾಲಿಗೆ ನಾನಾ ಕೊಂದಂಗಾತಲ್ಲ.”

“ನೀ ಆಕಿ ಜೀವ ಉಳಿಸಾಕ ಮಾಡಿದಿ. ಲಾರಿ ಮುಂದ ನಿಂತಾಕಿ ಆಕಿ.”

“ಈಗೇನು ಮಾಡೋಣ ಹೇಳ್ರಿ.”

“ನಾಳೆ ನಿಮ್ಮ ಶೇಂಗಾ ಹೊಲಕ್ಕ ಬರ್ತೀನಿ. ಒಂದು ದಿನ ಮಾಡ್ತೀನಿ. ಅದನ್ನ ನೀ ತೀರಿಸಬ್ಯಾಡ. ನಿನ್ನ ಹೆಂಡತೀನೂ ತೀರಿಸಬಾರದು, ಕೂಲಿಯವರೂ ತೀರಿಸಬಾರದು. ಆಕಿ ಬಂದ್ರ ಆಕಿ ತೀರಿಸ್ತಾಳ. ಬರಲಿಲ್ಲಂದ್ರ ಹಂಗ ಇರ್ಲಿ.”

“ತೀರಿಸಂಗಿಲ್ಲ ದೊಡ್ಡವ್ವಾ,” ಎಂದ. ಬಗ್ಗಿ ನನ್ನ ಕಾಲು ಮುಟ್ಟಿದ.

ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋದೆ. ಭೀಮಲಿಂಗಪ್ಪ ತಾಯಿಯನ್ನು ಕರೆದುಕೊಂಡು ಬಂದು ಬದುವಿನ ಮೇಲೆ ಕಂಬಳಿ ಹಾಸಿ ಕೂರಿಸಿದ್ದ. ಸುಷ್ಮಿತಾ ಕಾಲೇಜಿಗೆ ಹೋಗದೆ ಅವಳ ಪಕ್ಕಕ್ಕೆ ಕೂತಿದ್ದಳು. ಲಿಂಗಕ್ಕ ಬಾಗಿಲು ಬಡಿಯುವುದನ್ನು ಬಿಟ್ಟಿದ್ದಳಂತೆ. ಬೆಳಗ್ಗೆ ಎದ್ದರೂ ಹಾಸಿಗೆಯ ಮೇಲೆ ಸುಮ್ಮನೆ ಕೂತಿದ್ದಳು ಎಂದ ಭೀಮಲಿಂಗಪ್ಪ. ಅವನು ಬಯಸಿದ್ದು ಅದನ್ನೇ.

ನಾನು ಕುರ್ಪಿ ತೆಗೆದುಕೊಂಡು ಮೊದಲ ಸಾಲಿಗೆ ಕೂತೆ. ಮಣ್ಣು ಹಸಿಯಾಗಿತ್ತು, ಕಳೆ ಸುಲಭವಾಗಿ ಬರುತ್ತಿತ್ತು. ಬದುವಿನಿಂದ ಲಿಂಗಕ್ಕ ನನ್ನನ್ನೇ ನೋಡುತ್ತಿರುವುದು ಗೊತ್ತಾಗುತ್ತಿತ್ತು. ಸಾಲಿನ ಅರ್ಧಕ್ಕೆ ಬಂದಾಗ ಅವಳು ಕೂಗಿದಳು:

“ಯಾರವ್ವಾ ನೀನು? ಒಬ್ಬಾಕೇ ಬಂದೀ?”

“ಹೌದಕ್ಕಾ.”

“ನಿನ್ನ ಮುಯ್ಯಾಳು ಎಲ್ಲಿ?”

ಸುಷ್ಮಿತಾ ಮುಖ ಆಚೆ ತಿರುಗಿಸಿಕೊಂಡಳು. ನಾನು ಕುರ್ಪಿಯ ಮಣ್ಣು ಕೊಡವಿದೆ.

“ಬರ್ತಾಳಕ್ಕಾ,” ಎಂದೆ. “ನನಗ ಒಂದು ದಿನ ಬರಾದೈತಿ ಆಕಿದು.”

“ಹಂಗಿದ್ರ ಆಕಿಗೆ ಒಂದು ಸಾಲು ಬಿಟ್ಟು ಕುಂದ್ರು,” ಎಂದಳು ಲಿಂಗಕ್ಕ. “ಎಲ್ಲಾ ನೀನಾ ಮಾಡಿಬಿಟ್ರ, ಬಂದಾಕಿ ಏನ್ ಮಾಡಬೇಕು?”

ಆ ಸಾಲು ಮುಗಿಸಿ, ಪಕ್ಕದ ಸಾಲನ್ನು ಹಾಗೆಯೇ ಬಿಟ್ಟು, ಅದರ ಆಚೆಗೆ ಹೋಗಿ ಕೂತೆ.